ಕೆನ್ನೆಗೆ ಮಾತ್ರ ಗೊತ್ತಾಗುವವನು

ನಮ್ಮೂರಿನಲ್ಲಿ ಮನೆ ಕಟ್ಟಿಸಿದವರೆಲ್ಲ ಮುಂಬಾಗಿಲನ್ನು ಮೂಡಲಿಗೆ ಇಡಿಸಿದರು. ನಮ್ಮಪ್ಪನೊಬ್ಬ ಪಡುವಲಿಗೆ ಇಡಿಸಿದ. ಶಾಸ್ತ್ರ ಹೇಳುವವರು ಬೇಡವೆಂದರಂತೆ, ಅಜ್ಜಿಯೂ ಗೊಣಗಿದಳಂತೆ, ಅವನು ಕೇಳಲಿಲ್ಲ. ಪಡುವಲಲ್ಲಿ ನಾಲೆ ಇತ್ತು. ಅಪ್ಪ ನೀರುಗಂಟಿ. ಯಾರ ಗದ್ದೆಗೆ ಯಾವತ್ತು ನೀರು ಬಿಡಬೇಕು, ಯಾರ ತೂಬು ಮುಚ್ಚಬೇಕು ಎನ್ನುವುದೆಲ್ಲ ಅವನ ಕೈಲಿತ್ತು. ಜಗಲಿಯ ಮೇಲೆ ಕೂತು ಬೀಡಿ ಸೇದುತ್ತಲೇ ಯಾರಾದರೂ ಕದ್ದು ನೀರು ತಿರುಗಿಸಿಕೊಳ್ಳುತ್ತಿದ್ದಾರೋ ಎಂದು ನೋಡಬೇಕಿತ್ತು ಅವನಿಗೆ. ಅಷ್ಟಕ್ಕಾಗಿ ಇಡೀ ಮನೆಯನ್ನೇ ತಿರುಗಿಸಿ ಕಟ್ಟಿದ. ಕಿರುಗಾವಲಿನಿಂದ ಮಳವಳ್ಳಿಗೆ ಹೋಗುವ ಬಸ್ಸಿನಲ್ಲಿ ಕೂತವರಿಗೆ ಊರಿಗೆಲ್ಲ ಬೆನ್ನು ಹಾಕಿ ನಿಂತ ಆ ಒಂದು ಮನೆ ಕಾಣುತ್ತಿತ್ತು. ಈಗಲೂ ಕಾಣುತ್ತದೆ. ನನ್ನ ತಮ್ಮ ಅದಕ್ಕೆ ಬಣ್ಣ ಹೊಡೆಸಿ ಮೇಲೊಂದು ಅಂತಸ್ತು ಏರಿಸಿದ್ದಾನೆ, ಬಾಗಿಲು ಮಾತ್ರ ಇದ್ದಲ್ಲೇ ಇದೆ.

ಪಡುವಲಿಗೆ ಬಾಗಿಲಿಟ್ಟರೆ ಏನಾಗುತ್ತದೆಂದು ಒಲೆಯ ಮುಂದೆ ಕೂರದ ಗಂಡಸಿಗೆ ಗೊತ್ತಾಗುವುದಿಲ್ಲ. ಆಷಾಢ ಹತ್ತಿರವಾಯಿತೆಂದರೆ ನಾಲೆ ಏರಿಯ ಮೇಲಿಂದ ಹೊರಟ ಗಾಳಿ ಜಗಲಿ ಹತ್ತಿ, ಪಡಸಾಲೆ ದಾಟಿ, ನಡುಮನೆಯಲ್ಲಿ ಎಲ್ಲೂ ನಿಲ್ಲದೆ ನೇರ ಅಡುಗೆಮನೆಗೆ ಬರುತ್ತಿತ್ತು. ಉರಿ ಮಲಗಿಬಿಡುತ್ತಿತ್ತು. ಬೂದಿ ಎದ್ದು ಸಾರಿನ ಮೇಲೆ ಕೂರುತ್ತಿತ್ತು. ಅವ್ವ ಸೆರಗನ್ನು ಬಾಯಿಗೆ ಕಚ್ಚಿಕೊಂಡು, ಒಂದು ಕೈಯಲ್ಲಿ ಮೊರ ಅಡ್ಡ ಹಿಡಿದು, ಇನ್ನೊಂದು ಕೈಯಲ್ಲಿ ಮುದ್ದೆ ತೊಳಸುತ್ತಿದ್ದಳು. ಮೊರ ಎಷ್ಟು ತಡೆದೀತು? ಮಧ್ಯಾಹ್ನ ಅಪ್ಪ ಊಟಕ್ಕೆ ಕೂತು ಮೊದಲ ತುತ್ತು ಬಾಯಿಗಿಟ್ಟಾಗ ಹಲ್ಲಿನ ನಡುವೆ ಮರಳು ಕರಕರ ಎನ್ನುವ ಸದ್ದು ನಮಗೂ ಕೇಳುತ್ತಿತ್ತು. ನಾನು ಮತ್ತು ತಮ್ಮ ಬೇಗ ಬೇಗ ನುಂಗಿ ಏಳಲು ನೋಡುತ್ತಿದ್ದೆವು.

"ಏನಿದು, ಮಣ್ ತಿನ್ನುಸ್ತಿದ್ದೀಯಾ?"

"ನಾನೇನ್ ಮಾಡ್ಲಿ. ಅವ ಬಂದು ಸುರುದ್ಬುಟ್ಟು ಓದ."

"ಯಾವ?"

ಅಲ್ಲಿಗೆ ಅವ್ವನ ಮಾತು ನಿಲ್ಲುತ್ತಿತ್ತು. ತಟ್ಟೆ ಹಾರಿ ಗೋಡೆಗೆ ಬಡಿದು ಬೀಳುತ್ತಿತ್ತು. ಗೋಡೆಯ ಆ ಜಾಗದಲ್ಲಿ ಸುಣ್ಣ ಎಷ್ಟು ಬಳಿದರೂ ಸಾರಿನ ಕಲೆ ಹೋಗಲಿಲ್ಲ.

ಅವ್ವ 'ಗಾಳಿ' ಎನ್ನುವಂತಿರಲಿಲ್ಲ. ಅಪ್ಪನ ಹೆಸರು ಗಾಳಿಹನುಮಯ್ಯ. ಅಜ್ಜಿಗೆ ಹುಟ್ಟಿದ ಮಕ್ಕಳು ಉಳಿಯದೆ, ಹೊಲದ ಬದುವಿನ ಮೇಲೆ ಬಯಲಲ್ಲೇ ನಿಂತ ಹನುಮನ ಕಲ್ಲಿಗೆ ಹರಕೆ ಹೊತ್ತು, ಆಮೇಲೆ ಹುಟ್ಟಿ ಉಳಿದವನಿಗೆ ಆ ಹೆಸರಿಟ್ಟಿದ್ದಳು. ಊರಿನವರು ಅದನ್ನು ಗಾಳಯ್ಯ ಎಂದು ಮೊಟಕು ಮಾಡಿಕೊಂಡಿದ್ದರು. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುವುದೇ. ಹೆಸರಿನೊಳಗೆ ಇರುವ ಮಾತನ್ನೂ ಹೇಳುವುದಿಲ್ಲ. ಗಂಡನ ಹೆಸರು ಬೆಟ್ಟಯ್ಯನಾದರೆ ಬೆಟ್ಟಕ್ಕೆ ಬೇರೆ ಏನಾದರೂ ಹೇಳಿಕೊಂಡು ಬದುಕಬೇಕು. ಬೆಟ್ಟವಾದರೆ ದಿನಾ ಮನೆಯೊಳಕ್ಕೆ ಬರುವುದಿಲ್ಲ, ಹೇಗೋ ನಿಭಾಯಿಸಬಹುದು. ಅವ್ವನ ಪಾಲಿಗೆ ಬಂದದ್ದು ಇದು. ಮದುವೆಯಾದ ಹೊಸದರಲ್ಲಿ ಒಂದು ದಿನ ಒಣಹಾಕಿದ ಬಟ್ಟೆ ಹಾರಿತೆಂದು ಬಾಯಿತಪ್ಪಿ ಆ ಮಾತು ಆಡಿಬಿಟ್ಟಳಂತೆ. ಅಜ್ಜಿ ಅವಳ ನಾಲಿಗೆಯ ಮೇಲೆ ಕಲ್ಲುಪ್ಪು ಇಟ್ಟು, ಅದು ಕರಗುವವರೆಗೆ ಒರಳಿನ ಪಕ್ಕ ನಿಲ್ಲಿಸಿದಳಂತೆ. ಇದನ್ನು ನನಗೆ ಹೇಳಿದವಳು ಅಜ್ಜಿಯೇ, ಒಳ್ಳೆಯ ಕೆಲಸ ಮಾಡಿದವಳ ಹಾಗೆ.

"ಗಂಡನ ಎಸ್ರು ಯೋಳುದ್ರೆ ಅವ್ನ ಆಯಸ್ಸು ಕಮ್ಮಿ ಆಯ್ತದೆ ಕಣೇ. ನಾಳೆ ನೀನೂ ಕಲ್ತ್ಕೊ."

ನಾನು ಕಲಿತುಕೊಂಡೆ. ತಟ್ಟೆ ಹಾರಿದ ದಿನಗಳಲ್ಲಿ ಕೊಟ್ಟಿಗೆಗೆ ಹೋಗಿ ಎಮ್ಮೆಯ ಮುಂದೆ ನಿಂತು ಅಪ್ಪನ ಹೆಸರನ್ನು ಮತ್ತೆ ಮತ್ತೆ ಹೇಳುತ್ತಿದ್ದೆ. ಮಗಳು ಹೇಳಿದರೆ ನಡೆಯುವುದಿಲ್ಲವೇನೋ. ಅಪ್ಪ ಬಹಳ ಕಾಲ ಗಟ್ಟಿಮುಟ್ಟಾಗಿ ಬದುಕಿದ.

ಹೆಸರೆತ್ತುವ ಹಾಗಿಲ್ಲದ್ದನ್ನು ದಿನವಿಡೀ ಬೈಯಬೇಕು, ಬೇಡಬೇಕು, ತಡೆಯಬೇಕು. ಅವ್ವ ದಾರಿ ಹುಡುಕಿಕೊಂಡಿದ್ದಳು. ನಮ್ಮ ಮನೆಯಲ್ಲಿ ಗಾಳಿಗೆ ಇದ್ದಷ್ಟು ಹೆಸರು ದೇವರಿಗೂ ಇರಲಿಲ್ಲ. ಒಲೆ ಆರಿದರೆ 'ಆರ್ಸೋನು ಬಂದ'. ಕದ ಬಡಿದುಕೊಂಡರೆ 'ಬಾಗ್ಲು ಒದಿಯೋನು'. ಹೆಂಚು ಸರಿದರೆ 'ಸೂರ್ ನಡುಗ್ಸೋನು'. ಇದೇ ಗಾಳಿ ಸುಗ್ಗಿಯ ಕಾಲಕ್ಕೆ ಕಣದಲ್ಲಿ ಅವಳಿಗೆ ಹೆಣ್ಣಾಗುತ್ತಿತ್ತು. ರಾಗಿ ತೂರಲು ಮೊರ ಎತ್ತಿ ಹಿಡಿದು ನಿಂತು, ಗಾಳಿ ಬಾರದಿದ್ದರೆ ಮೆಲ್ಲಗೆ ಕರೆಯುತ್ತಿದ್ದಳು. ಆ ದನಿಯಲ್ಲಿ ಅವಳು ನಮ್ಮನ್ನು ಕೂಡ ಕರೆದವಳಲ್ಲ.

"ಬಾರವ್ವ, ತಣ್ಗೆ ಬಾ. ತವ್ರುಮನ್ಗೆ ಬಂದಂಗೆ ಬಾ."

ಒಂದು ಸಲ ಆಷಾಢವೆಲ್ಲ ಕಳೆದ ಮೇಲೆ ನಾಲೆ ಏರಿಯ ಮೇಲೆ ಹುಲ್ಲು ಕೊಯ್ಯಲು ಅವಳ ಜೊತೆ ಹೋಗಿದ್ದೆ. ಸಂಜೆ, ನೀರಿನ ಮೇಲಿಂದ ತಂಪು ಗಾಳಿ ಬರುತ್ತಿತ್ತು. ಅವ್ವ ಕುಡುಗೋಲು ಕೆಳಗಿಟ್ಟು, ಕಣ್ಣು ಮುಚ್ಚಿ ಸುಮ್ಮನೆ ಕೂತಿದ್ದಳು. ಏನಾಯಿತೆಂದು ಕೇಳಿದೆ. ಅವಳು ನಕ್ಕಳು, ಕೆನ್ನೆಯ ಮೇಲೆ ಬೆರಳಾಡಿಸಿಕೊಂಡು ಹೇಳಿದಳು:

"ಕಣ್ಗೆ ಕಾಣಕ್ಕಿಲ್ಲ, ಕೈಗೆ ಸಿಕ್ಕಕ್ಕಿಲ್ಲ. ಕೆನ್ನೆಗೆ ಮಾತ್ರ ಗೊತ್ತಾಯ್ತನೆ."

ಆ ಮಾತು ನನಗೆ ಎಷ್ಟು ಹಿಡಿಸಿತೆಂದರೆ ರಾತ್ರಿ ಹಾಸಿಗೆಯಲ್ಲಿ ನನ್ನ ಕೆನ್ನೆಯನ್ನು ನಾನೇ ಮುಟ್ಟಿಕೊಂಡು ಅದನ್ನು ಬಾಯಿಪಾಠ ಮಾಡಿಕೊಂಡೆ.

ಕಿರುಗಾವಲಿನ ಹೈಸ್ಕೂಲಿಗೆ ಸೇರಿದ ವರ್ಷ ನಮಗೆ ಕನ್ನಡಕ್ಕೆ ಬಂದ ಮೇಷ್ಟ್ರು ಒಳ್ಳೆಯವರು. ಮಳವಳ್ಳಿಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದರು. ಯಾರಿಗೂ ಹೊಡೆಯುತ್ತಿರಲಿಲ್ಲ, ಅದೊಂದೇ ಸಾಕಿತ್ತು ನಮಗೆ. ಪುಸ್ತಕದಲ್ಲಿ ಗಾಳಿಯ ಮೇಲೆ ಒಂದು ಪದ್ಯವಿತ್ತು. ಆ ಪದ್ಯದಲ್ಲಿ ಗಾಳಿ ಎಂಬ ಮಾತೇ ಇರಲಿಲ್ಲ. ಮೇಷ್ಟ್ರು ಅದನ್ನೇ ಹಿಡಿದುಕೊಂಡು ಅಲಂಕಾರ ಕಲಿಸಿದರು. ಬೋರ್ಡಿನ ಮೇಲೆ ನಾಲ್ಕು ಗೆರೆ ಎಳೆದು ಉಪಮೇಯ, ಉಪಮಾನ, ವಾಚಕ, ಸಮಾನಧರ್ಮ ಎಂದು ಬರೆದರು. ನಾಲ್ಕೂ ಇದ್ದರೆ ಪೂರ್ಣೋಪಮೆ, ಯಾವುದಾದರೊಂದು ಬಿಟ್ಟುಹೋಗಿದ್ದರೆ ಲುಪ್ತೋಪಮೆ. ಜೀವವಿಲ್ಲದ್ದಕ್ಕೆ ಜೀವ ಕೊಟ್ಟು ಮಾತಾಡುವುದೂ ಕವಿಯ ಕೆಲಸವೇ ಎಂದರು. ಹುಡುಗರು ಆಕಳಿಸುತ್ತಿದ್ದರು. ನನಗೆ ಮೈ ಜುಮ್ಮೆಂದಿತು. ನಮ್ಮವ್ವ ಬಾಯಿಬಿಟ್ಟರೆ ಬರುತ್ತಿದ್ದದ್ದೆಲ್ಲ ಲುಪ್ತೋಪಮೆ. ಹೋಲಿಕೆ ಇದೆ, ಯಾವುದನ್ನು ಹೋಲಿಸಿದ್ದು ಎಂಬುದು ಮಾತ್ರ ಇಲ್ಲ. ಅಡುಗೆಮನೆಯ ಹೊಗೆಯಲ್ಲಿ ಕೂತ ಹೆಂಗಸಿನ ಮಾತಿಗೆ ಇಷ್ಟು ದೊಡ್ಡ ಹೆಸರುಗಳಿವೆ ಎಂಬುದೇ ನನಗೆ ಹಬ್ಬವಾಯಿತು.

ಮೇಷ್ಟ್ರು ಮನೆಗೆಲಸ ಕೊಟ್ಟರು. ಗಾಳಿಯ ಮೇಲೆ ಬರೆಯಬೇಕು, ಗಾಳಿ ಎನ್ನಬಾರದು. ತರಗತಿಯಲ್ಲಿ ಎಲ್ಲರೂ ಪೇಚಾಡಿದರು. ನನಗೆ ಅದಕ್ಕಿಂತ ಸುಲಭದ ಲೆಕ್ಕ ಯಾವುದೂ ಇರಲಿಲ್ಲ. ಅವ್ವನ ಮಾತುಗಳನ್ನು ಪುಸ್ತಕದ ಕನ್ನಡಕ್ಕೆ ತಿದ್ದಿ ಬರೆದುಕೊಂಡು ಹೋದೆ:

ಬಾಗಿಲು ಹಾಕಿದರೆ ಒದೆಯುವವನು,
ತೆರೆದಿಟ್ಟರೆ ಬಾರದವನು.
ಒಲೆ ಹೊತ್ತಿಸುವಾಗ ಇಲ್ಲದವನು,
ಹೊತ್ತಿದ ಮೇಲೆ ಆರಿಸುವವನು.
ಬಂದರೆ ಸೂರು ನಡುಗೀತು,
ಹೋದರೆ ಧೂಳು ಉಳಿದೀತು.
ಕಣ್ಣಿಗೆ ಕಾಣನು, ಕೈಗೆ ಸಿಗನು,
ಕೆನ್ನೆಗೆ ಮಾತ್ರ ಗೊತ್ತಾಗುವವನು.

ಮೇಷ್ಟ್ರು ಅದನ್ನು ಒಮ್ಮೆ ಓದಿಕೊಂಡರು. ಆಮೇಲೆ ಕೊನೆಯ ಸಾಲನ್ನು ಎರಡು ಸಲ ಗಟ್ಟಿಯಾಗಿ ಓದಿದರು.

"ನೋಡ್ರಪ್ಪ, ಕೆನ್ನೆಗೆ ಮಾತ್ರ ಗೊತ್ತಾಗುವವನು. ಎಷ್ಟು ಮೃದುವಾಗಿದೆ. ಬಾಗಿಲು ಒದೆಯುವವನೇ ಕೊನೆಗೆ ಕೆನ್ನೆ ಸವರಿ ಹೋಗ್ತಾನೆ. ಇದು ಕಾವ್ಯ."

ಧ್ವಜ ಹಾರಿಸುವ ದಿನ ನನ್ನ ಕೈಲಿ ಅದನ್ನು ಹೇಳಿಸಬೇಕೆಂದು ತೀರ್ಮಾನವಾಯಿತು. ಮುಂದಿನ ಸಾಲಿನ ಕುರ್ಚಿಗಳಲ್ಲಿ ಊರಿನ ಮುಖಂಡರ ಜೊತೆ ಅಪ್ಪನೂ ಕೂತಿದ್ದ. ನೀರುಗಂಟಿಯನ್ನು ಯಾರೂ ಹಿಂದಿನ ಸಾಲಿನಲ್ಲಿ ಕೂರಿಸುತ್ತಿರಲಿಲ್ಲ, ಎಲ್ಲರಿಗೂ ಗದ್ದೆಯಿತ್ತು. ನಾನು ಎರಡು ಜಡೆಗೆ ಟೇಪು ಕಟ್ಟಿಕೊಂಡು, ಕೈ ಹಿಂದೆ ಕಟ್ಟಿಕೊಂಡು ಹೇಳಿದೆ. ಮೊದಲೆರಡು ಸಾಲಿಗೇ ಯಾರೋ "ಯಾರು ಯೋಳ್ರಪ್ಪ ಇದು" ಎಂದರು, ಇನ್ಯಾರೋ "ನಮ್ ಗಾಳಯ್ಯನೇ ಸರಿ" ಎಂದರು. ಜನ ನಕ್ಕರು. ಕೊನೆಗೆ ಚಪ್ಪಾಳೆ ಬಿತ್ತು. ಅಪ್ಪನೂ ತಟ್ಟಿದ. ಬೂಂದಿಯ ಪೊಟ್ಟಣ ಹಿಡಿದು ಅವನ ಹಿಂದೆ ಹಿಂದೆ ಮನೆಗೆ ನಡೆದೆ. ದಾರಿಯುದ್ದಕ್ಕೂ ಅವನು ತಿರುಗಿ ನೋಡದೆ ಬಿರಬಿರನೆ ನಡೆದ. ನನ್ನ ಬಗ್ಗೆ ಹೆಮ್ಮೆಯಿಂದ ಹಾಗೆ ನಡೆಯುತ್ತಿದ್ದಾನೆ ಎಂದುಕೊಂಡಿದ್ದೆ, ಅಂಥ ಪೆದ್ದಿ ನಾನು.

ಊಟಕ್ಕೆ ಕೂತ. ಅವ್ವ ಮುದ್ದೆ ಇಟ್ಟು ಹುರುಳಿ ಸಾರು ಬಿಟ್ಟಳು. ಅಜ್ಜಿ ಮೂಲೆಯಲ್ಲಿ ಎಲೆಯಡಿಕೆ ಕುಟ್ಟುತ್ತಿದ್ದಳು. ಅಪ್ಪ ತಟ್ಟೆ ಮುಟ್ಟಲಿಲ್ಲ.

"ಅಲ್ಲಿ ಯೋಳುದ್ದ ಇಲ್ಲಿ ಯೋಳು."

ನಾನು ಹೇಳಿದೆ. ಮೊದಲ ಎರಡು ಸಾಲು ಮುಗಿಯುತ್ತಲೇ ಕೈ ಎತ್ತಿ ನಿಲ್ಲಿಸಿದ. ಅವ್ವನ ಕಡೆ ತಿರುಗಿದ.

"ಯಾರಿದು?"

ಅವ್ವ ಸಾರಿನ ಸೌಟು ಹಿಡಿದು ನಿಂತಿದ್ದಳು.

"ಮುಂದ್ಕೆ ಯೋಳು."

ಮುಂದಿನ ಎರಡು ಸಾಲು ಹೇಳಿದೆ. ಮತ್ತೆ ನಿಲ್ಲಿಸಿದ.

"ಒಲೆ ಆರ್ಸೋನು. ಯಾರೇ ಅವ?"

"ಅಪ್ಪ, ಅದು ಗಾಳಿ ಕಣಪ್ಪ," ಎಂದೆ ನಾನು.

"ನಿನ್ನ ಕೇಳ್ನಿಲ್ಲ. ಇವ್ಳ ಕೇಳ್ದೆ. ಇವ್ಳು ಯೋಳ್ಲಿ."

ಅವ್ವ ಏನು ಹೇಳಬೇಕಿತ್ತು? ಅವಳು ಪಾರಾಗಬಹುದಾಗಿದ್ದ ಮಾತು ಒಂದೇ ಒಂದು. ಆ ಒಂದು ಮಾತೇ ಅವನ ಹೆಸರು. ಹೇಳಿದರೆ ಗಂಡನ ಹೆಸರೆತ್ತಿದವಳಾಗುತ್ತಾಳೆ, ಹೇಳದಿದ್ದರೆ ತಪ್ಪು ಒಪ್ಪಿಕೊಂಡವಳಾಗುತ್ತಾಳೆ. ಅವಳ ತುಟಿ ಅಲ್ಲಾಡಿದ್ದನ್ನು ನಾನು ನೋಡಿದೆ. ಮೂಲೆಯಿಂದ ಅಜ್ಜಿ ಕುಟ್ಟಾಣಿ ನಿಲ್ಲಿಸಿ ಎಂದಳು:

"ಎಸ್ರು ಗಿಸ್ರು ಎತ್ತಬ್ಯಾಡ ಕಣಮ್ಮ, ಸೊಸೆ."

ಅಪ್ಪ ನನ್ನನ್ನು ಕೊನೆಯವರೆಗೂ ಹೇಳಿಸಿದ. ಕೆನ್ನೆಯ ಸಾಲು ಬಂದಾಗ ಏನನ್ನೂ ಕೇಳಲಿಲ್ಲ. ಅವ್ವನ ಮುಖವನ್ನೇ ನೋಡಿದ, ಅವಳು ನೆಲ ನೋಡುತ್ತಿದ್ದಳು. ತಟ್ಟೆ ಎಸೆಯುತ್ತಾನೆಂದು ನಾನು ಗೋಡೆಯ ಕಡೆಯಿಂದ ಸರಿದು ಕೂತೆ. ಎಸೆಯಲಿಲ್ಲ. ಮುಟ್ಟದ ಮುದ್ದೆಯ ಮೇಲೆ ಲೋಟದ ನೀರು ಸುರಿದು, ಕೈ ತೊಳೆದು, ಎದ್ದು ಹೊರಗೆ ಹೋದ. ಬಾಗಿಲನ್ನು ತೆರೆದೇ ಹೋದ. ಗಾಳಿ ಒಳಕ್ಕೆ ಬಂತು. ಅವ್ವ ಹೋಗಿ ಬಾಗಿಲು ಮುಂದಕ್ಕೆ ಹಾಕಿದಳು, ಒಂದು ಹೆಸರನ್ನೂ ಹೇಳದೆ.

ಅವತ್ತಿನಿಂದ ನಮ್ಮ ಮನೆಯಲ್ಲಿ ಗಾಳಿಗೆ ಹೆಸರಿಲ್ಲದಂತಾಯಿತು. ಒದಿಯೋನು, ಆರ್ಸೋನು, ನಡುಗ್ಸೋನು ಎಲ್ಲರೂ ಒಂದೇ ದಿನ ಸತ್ತರು. ಕದ ಬಡಿದುಕೊಂಡರೆ ಅವ್ವ ಗದ್ದ ಎತ್ತಿ ಆ ಕಡೆ ತೋರಿಸುತ್ತಿದ್ದಳು, ನಾವು ಹೋಗಿ ಹಾಕಿ ಬರುತ್ತಿದ್ದೆವು. ಆ ಸುಗ್ಗಿಯಲ್ಲಿ ಕಣಕ್ಕೆ ನಾನು ಬೇಕೆಂದೇ ಹೋದೆ. ಅವ್ವ ಮೊರ ಎತ್ತಿ ನಿಂತಳು. ಗಾಳಿ ಇರಲಿಲ್ಲ. ಕರೆಯುತ್ತಾಳೆಂದು ಕಾದೆ. ಅವಳು ತೋಳು ನೋಯುವವರೆಗೆ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಕೊನೆಗೆ ಗಾಳಿ ತಾನಾಗಿಯೇ ಬಂತು, ಹೊಟ್ಟು ಹಾರಿತು, ರಾಗಿ ಕೆಳಗೆ ಬಿತ್ತು. ಕರೆಯದಿದ್ದರೂ ಬರುತ್ತದೆ ಎನ್ನುವುದನ್ನು ನೋಡಿ ನನಗೆ ಗಾಳಿಯ ಮೇಲೂ ಸಿಟ್ಟು ಬಂತು. ಅವ್ವ ನನ್ನನ್ನು ಬೈಯಲಿಲ್ಲ. ನನ್ನದೇನೂ ತಪ್ಪಿರಲಿಲ್ಲ, ಹಾಗಂತ ಯಾರೂ ನನಗೆ ಹೇಳಲೂ ಇಲ್ಲ.

ನಾನು ಕನ್ನಡ ಓದಿದ್ದು, ಕನ್ನಡದ ಟೀಚರಾದದ್ದು ಆ ಮಧ್ಯಾಹ್ನದಿಂದಲೇ ಎಂದು ನನಗೆ ಗೊತ್ತು. ಅಪ್ಪನ ಮುಂದೆ ಅವ್ವ ಹೇಳಲಾಗದ ಉತ್ತರವನ್ನು ನಾನು ಜೀವಮಾನವಿಡೀ ಬೋರ್ಡಿನ ಮೇಲೆ ಬರೆದೆ. ಉಪಮೇಯ: ಗಾಳಿ. ಆತಗೂರಿನ ಕಡೆಯ ಮಕ್ಕಳಿಗೆ, ಮಂಡ್ಯದ ಮಕ್ಕಳಿಗೆ, ಆಮೇಲೆ ಮದ್ದೂರಿನ ಮಕ್ಕಳಿಗೆ. ಪದ್ಯವನ್ನು ತಪ್ಪಾಗಿ ಓದುವುದೆಂದರೆ ಏನು ಎಂದು ಹೇಳಿಕೊಡುವಾಗಲೆಲ್ಲ ಅಪ್ಪನನ್ನೇ ಉದಾಹರಣೆಗೆ ಎಳೆದು ತರುತ್ತಿದ್ದೆ, ಹೆಸರು ಹೇಳದೆ. ಒಬ್ಬ ಮನುಷ್ಯನಿದ್ದ, ಗಾಳಿಯ ಪದ್ಯ ಕೇಳಿ ತನ್ನನ್ನೇ ಬೈದರೆಂದು ಊಟ ಬಿಟ್ಟ ಎಂದರೆ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ಊರ ಮುಂದೆ ಹೆಸರು ನಗೆಪಾಟಲಾಯಿತಲ್ಲ, ಅವನ ಸಂಕಟ ಅಷ್ಟೇ ಎಂದು ನಾನು ನಂಬಿದ್ದೆ. ನೀರಿನ ಮೇಲೆ ಅಧಿಕಾರವಿದ್ದವನಿಗೆ ಕಾವ್ಯ ಹೇಗೆ ತಿಳಿಯಬೇಕು. ಅವನನ್ನು ನಾನು ಪ್ರೀತಿಸಲಿಲ್ಲ. ಆದರೂ ಅವನ ಪರವಾಗಿ ಒಂದು ಮಾತನ್ನು ಮಾತ್ರ ಯಾವಾಗಲೂ ಹೇಳುತ್ತಿದ್ದೆ. ತಟ್ಟೆ ಎಸೆಯುತ್ತಿದ್ದ, ಕೂಗಾಡುತ್ತಿದ್ದ, ಆದರೆ ಅವ್ವನ ಮೇಲೆ ಕೈ ಎತ್ತಿದ್ದನ್ನು ನಾನು ನೋಡಿಲ್ಲ. ನನ್ನ ಗಂಡನಿಗೂ ಹೇಳಿದ್ದೆ, ನನ್ನ ಮಕ್ಕಳಿಗೂ ಹೇಳಿದ್ದೆ.

ಅಪ್ಪ ಹೋದ. ತಿಥಿ ಮುಗಿದ ಮೇಲೆ ಅವ್ವ ಮದ್ದೂರಿಗೆ ನನ್ನ ಜೊತೆ ಬಂದಳು, ತಮ್ಮ ಕರೆದರೂ ಆ ಮನೆಯಲ್ಲಿ ಇರುವುದಿಲ್ಲವೆಂದು ಹಟ ಹಿಡಿದು. ನನಗೆ ಒಳಗೊಳಗೇ ಒಂದು ಆಸೆಯಿತ್ತು. ಯಾರಿದು ಎಂದು ಕೇಳಲು ಈಗ ಆ ಮನುಷ್ಯನೇ ಇಲ್ಲ, ಹಳೆಯ ಹೆಸರುಗಳೆಲ್ಲ ವಾಪಸು ಬರುತ್ತವೆ ಎಂದು. ಬರಲಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಾಳೆ, ಮೊಮ್ಮಕ್ಕಳ ಜೊತೆ ಟೀವಿ ನೋಡುತ್ತಾಳೆ, ಕಿಟಕಿ ಬಡಿದುಕೊಂಡರೆ ಗದ್ದ ಎತ್ತಿ ತೋರಿಸುತ್ತಾಳೆ.

ಕಳೆದ ಆಷಾಢದಲ್ಲಿ ಒಂದು ಸಂಜೆ ನಾಜಿಯಾ ಪಾಠಕ್ಕೆ ಬಂದಿದ್ದಳು. ನಮ್ಮ ಬೀದಿಯ ಕೊನೆಯಲ್ಲಿ ಬೈಕ್ ರಿಪೇರಿ ಅಂಗಡಿ ಇಟ್ಟವರ ಮಗಳು, ಹತ್ತನೆಯ ತರಗತಿ. ಅವಳಿಗೂ ಗಾಳಿಯ ಮೇಲೆ ಒಂದು ಪದ್ಯವಿದೆ, ಬೇರೆಯದು. ಸ್ವಂತವಾಗಿ ಒಂದು ಉಪಮೆ ಬರೆದುಕೊಂಡು ಬರಲು ಹೇಳಿದ್ದರಂತೆ. ಅವ್ವ ಹೊಸ್ತಿಲ ಬಳಿ ಕೂತು ಮೊರದಲ್ಲಿ ಹುರುಳಿ ಕೇರುತ್ತಿದ್ದಳು. ನಾಜಿಯಾ ಪೆನ್ನು ಕಚ್ಚುತ್ತ ಅವಳನ್ನೇ ಕೇಳಿಬಿಟ್ಟಳು.

"ಅಜ್ಜಿ, ಗಾಳಿ ಹೇಗೆ ಬರುತ್ತೆ ಹೇಳಿ. ಒಂದು ಹೋಲಿಕೆ ಬೇಕು."

ನಾನು ಉಸಿರು ಹಿಡಿದು ಕೂತೆ. ಅವ್ವ ತಲೆ ಎತ್ತಲಿಲ್ಲ, ಕೈ ನಿಲ್ಲಿಸಲಿಲ್ಲ.

"ಗಾಳಿಯಾ? ಗಾಳಿ ಗಾಳಿ ಬಂದಂಗೇ ಬತ್ತದೆ ಕಣವ್ವ. ಇನ್ಯಾರಂಗೆ ಬಂದಾದು."

ಅವಳ ಬಾಯಲ್ಲಿ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ದನಿ ನಡುಗಲಿಲ್ಲ. ನಾಜಿಯಾ ನಗುತ್ತ ನನ್ನ ಕಡೆ ತಿರುಗಿದಳು.

"ಮಿಸ್, ಉಪಮೇಯ, ಉಪಮಾನ ಎರಡೂ ಒಂದೇ ಆಗೋಯ್ತಲ್ಲ. ಇದು ನಡೆಯುತ್ತಾ?"

ನಡೆಯುತ್ತದೆ. ಹೋಲಿಸಲು ಬೇರೇನೂ ಇಲ್ಲದಿದ್ದಾಗ ಒಂದನ್ನು ಅದಕ್ಕೇ ಹೋಲಿಸಿದರೆ ಅನನ್ವಯ ಎನ್ನುತ್ತಾರೆ. ಹೊಗಳುವುದಕ್ಕೆ ಬಳಸುವ ಅಲಂಕಾರ ಎಂದು ಎಷ್ಟೋ ಸಲ ಪಾಠ ಮಾಡಿದ್ದೇನೆ. ಅವ್ವ ಹೊಗಳುತ್ತಿರಲಿಲ್ಲ. ನಾಜಿಯಾಗೆ ಬರೆದುಕೊ ಎಂದೆ, ಅವಳು ಬರೆದುಕೊಂಡು ಹೊರಟಳು. ನನಗೆ ಸಮಾಧಾನವಾಗಲಿಲ್ಲ. ಇಷ್ಟು ವರ್ಷ ಕಾದಿದ್ದಕ್ಕೆ ಇಷ್ಟು ಬೋಳು ಮಾತೇ ಎಂದು ಸಿಟ್ಟು ಬಂತು. ಕೇಳಿಯೇಬಿಟ್ಟೆ.

"ಅಲ್ಲ ಕಣವ್ವ, ಮೊದ್ಲು ಏನೇನೆಲ್ಲ ಅಂತಿದ್ದೆ. ಒದಿಯೋನು, ಆರ್ಸೋನು. ಗಾಳಿಗೆ ಅಷ್ಟೊಂದು ಹೆಸರಿಟ್ಟಿದ್ದೆಯಲ್ಲ, ಒಂದಾದರೂ ಆ ಹುಡುಗಿಗೆ ಹೇಳಬಾರದಿತ್ತಾ?"

ಅವ್ವ ಮೊರ ಕೆಳಗಿಟ್ಟಳು. ನನ್ನನ್ನು ಬಹಳ ದಡ್ಡಿಯನ್ನು ನೋಡುವ ಹಾಗೆ ನೋಡಿದಳು.

"ಅದು ಗಾಳಿಗಂದಿದ್ದಲ್ಲ ಕಣೇ."

ನಾನು ಕೇಳಬಾರದ್ದನ್ನು ಕೇಳಿದೆ.

"ನಾಲೆ ಏರಿ ಮೇಲೆ ಅಂದೆಯಲ್ಲ, ಕೆನ್ನೆಗೆ ಮಾತ್ರ ಅಂತ. ನಗ್ತಾ ಅಂದಿದ್ದೆ. ಅದು?"

"ಅದ್ನೂವೆ. ಕೈ ಎತ್ತುತಿದ್ದುದ್ದು ನೀವು ಮಲೀಕಂಡ್ ಮ್ಯಾಲಲ್ವಾ. ನಿಮ್ ಕಣ್ಗೆ ಎಲ್ ಕಾಣ್ತಿತ್ತು."

ಅಷ್ಟು ಹೇಳಿ ಅವಳು ಮೊರ ಎತ್ತಿಕೊಂಡು ಮತ್ತೆ ಹುರುಳಿ ಕೇರತೊಡಗಿದಳು. ಹೊಟ್ಟು ಅಂಗಳಕ್ಕೆ ಹಾರಿಹೋಗುತ್ತಿತ್ತು. ಮೇಷ್ಟ್ರಿಗೆ ಆ ಪದ್ಯ ತಿಳಿದಿರಲಿಲ್ಲ, ಚಪ್ಪಾಳೆ ತಟ್ಟಿದವರಿಗೆ ತಿಳಿದಿರಲಿಲ್ಲ, ಅದನ್ನು ಬರೆದು, ಹೇಳಿ, ಜೀವಮಾನವಿಡೀ ಪಾಠ ಮಾಡಿದ ನನಗೂ ತಿಳಿದಿರಲಿಲ್ಲ. ಕೇಳಿದವರಲ್ಲಿ ಅದು ಅರ್ಥವಾಗಿದ್ದದ್ದು ಒಬ್ಬನಿಗೆ, ಅವನು ಮುದ್ದೆಯ ಮೇಲೆ ನೀರು ಸುರಿದು ಎದ್ದು ಹೋಗಿದ್ದ.